ಟೇಪಕ್ಕ ಪರಾರಿಯಾದದ್ದು

ಬ್ಯಾಂಕಿನ ಮೇಜಿಗೆ ದಾರದಿಂದ ಕಟ್ಟಿಹಾಕಿರುವ ಪೆನ್ನನ್ನು ನೀವು ನೋಡಿರುತ್ತೀರಿ. ನಿಮ್ಮನ್ನು ನಂಬಿ ಸಾಲ ಕೊಡುತ್ತೇವೆ ಎಂದು ಗೋಡೆಯ ತುಂಬ ಬರೆಸಿಕೊಂಡಿರುವ ಸಂಸ್ಥೆ, ನಾಲ್ಕು ಕಾಸಿನ ಪೆನ್ನಿನ ವಿಷಯದಲ್ಲಿ ಮಾತ್ರ ಯಾರನ್ನೂ ನಂಬುವುದಿಲ್ಲ. ಅವತ್ತು ಆ ಪೆನ್ನು ದಾರ ಸಮೇತ ಮೇಜಿನ ಅಂಚಿನಿಂದ ಜೋತುಬಿದ್ದಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಚರ್ರೆಂದಿತು.

ಯಾರೋ ಚೆಕ್ಕು ಹರಿದರು ಅಂದುಕೊಂಡೆ. ಬೆನ್ನ ಕೆಳಗೆ ತಣ್ಣಗೆ ಫ್ಯಾನಿನ ಗಾಳಿ ಆಡಿದಾಗ ಹರಿದದ್ದು ಚೆಕ್ಕಲ್ಲ ಎಂದು ತಿಳಿಯಿತು.

"ಹೇಳಿರ್ಲಿಲ್ವಾ ನಾನು?" ಹಿಂದಿನಿಂದ ಒಂದು ಧ್ವನಿ ಬಂತು. ಸರದಿಯಲ್ಲಿ ನಿಂತ ಇಪ್ಪತ್ತು ಜನಕ್ಕೂ, ಗಾಜಿನ ಆಚೆ ನೋಟು ಎಣಿಸುವವರಿಗೂ ಕೇಳಿಸುವಂಥ ಧ್ವನಿ. "ಆ ಪ್ಯಾಂಟಲ್ಲಿ ಇನ್ನು ಬಿಡೋಕೆ ಬಟ್ಟೆ ಇಲ್ಲ ಅಂತ ಹೇಳಿರ್ಲಿಲ್ವಾ ಸಾರ್? ಬಟ್ಟೆ ಮುಗೀತು. ನೀವು ಮುಗೀಲಿಲ್ಲ."

ತಿರುಗಿ ನೋಡುವ ಅಗತ್ಯವಿರಲಿಲ್ಲ. ತಿರುಗುವ ಸ್ಥಿತಿಯಲ್ಲೂ ಇರಲಿಲ್ಲ. ಅದು ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಕೊಠಡಿಯಲ್ಲಿ ಬಟ್ಟೆ ಸರಿಮಾಡಿಕೊಡುವ ಟೇಪಕ್ಕ. ಕೊರಳಲ್ಲಿ ಸದಾ ಅಳತೆಯ ಟೇಪು ಜೋತಾಡುವುದರಿಂದ ಆ ಹೆಸರು. ಬೇರೆ ಹೆಸರಿನಿಂದ ಅವಳನ್ನು ಯಾರೂ ಕರೆದದ್ದು ನನಗೆ ನೆನಪಿಲ್ಲ. ಅವಳು ನನ್ನ ಭುಜ ಹಿಡಿದು, ಕೆಟ್ಟು ನಿಂತ ಗಾಡಿಯನ್ನು ಹಿಂದಕ್ಕೆ ತಳ್ಳುವ ಹಾಗೆ ಹೆಜ್ಜೆ ಹೆಜ್ಜೆಯಾಗಿ ತಳ್ಳಿಕೊಂಡು ಹೋಗಿ, ಟೇಪಿನ ತುದಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು, ಎಲ್ಲಿಗೆ ಚುಚ್ಚಬೇಕೋ ಅಲ್ಲಿಗೆ ಚುಚ್ಚಿದಳು.

"ಒಂದೇ ಪಿನ್ನಿರೋದು. ಕೂತವರಿಗೆ ಸಾಕು, ನಿಂತವರಿಗೆ ಸಾಲಲ್ಲ. ನನ್ನ ಕೆಲಸ ಮುಗಿಯೋವರೆಗೂ ಅಲ್ಲಾಡದೆ ಕೂತ್ಕೊಳ್ಳಿ."

ಕೂತೆ. ಕೂತ ಕುರ್ಚಿ ಸಾಲದ ಮೇಜಿನ ಎದುರಿನದು. ಪಕ್ಕದ ಕುರ್ಚಿಯಲ್ಲಿ ಅವಳೂ ಕೂತಳು. ಹೀಗಾಗಿ ಅವಳ ಸಾಲದ ಅರ್ಜಿಯ ಕಥೆಗೆ ನಾನು ಸಾಕ್ಷಿಯಾದೆ. ಸಾಕ್ಷಿ ಎನ್ನುವುದಕ್ಕಿಂತ ದೊಡ್ಡ ಪಾತ್ರವೇ ನನ್ನದು ಎಂಬುದು ಆಮೇಲೆ ತಿಳಿಯಿತು.

ಟೇಪಕ್ಕನ ವಿಷಯ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅವಳು ಹೊಸ ಬಟ್ಟೆ ಹೊಲಿಯುವುದಿಲ್ಲ. ಹೊಲಿಯಲು ಬಾರದೆಂದಲ್ಲ, ಅದರ ಬಗ್ಗೆ ತಾತ್ಸಾರ. "ಹೊಸದನ್ನ ಯಾರು ಬೇಕಾದ್ರೂ ಹೊಲೀತಾರೆ. ಇನ್ನೊಬ್ಬ ಕೆಡಿಸಿದ್ದನ್ನ ಸರಿಮಾಡೋನು ದರ್ಜಿ" ಎನ್ನುವುದು ಅವಳ ಸಿದ್ಧಾಂತ. ಮೂವತ್ತೊಂದು ವರ್ಷದಿಂದ ಆ ಕೊಠಡಿಯಲ್ಲಿ ಕೂತು ಸೊಂಟ ಬಿಡಿಸಿದ್ದಾಳೆ, ತೋಳು ಮೊಟಕು ಮಾಡಿದ್ದಾಳೆ, ಶಾಲೆಯ ಮಕ್ಕಳ ಲಂಗದ ಅಂಚನ್ನು ವರ್ಷಕ್ಕೊಂದು ಬೆರಳಿನಂತೆ ಇಳಿಸಿದ್ದಾಳೆ. ಕೊಠಡಿಯ ಮಾಡು ಎಂದರೆ ನಮ್ಮ ಮೆಟ್ಟಿಲೇ. ಒಂದು ಕಡೆ ನಿಲ್ಲಬಹುದು, ಇನ್ನೊಂದು ಕಡೆ ಕೂರಬಹುದು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಮಾತ್ರ ಇಡಬಹುದು. ನಾನು ಮೇಲಿಂದ ಇಳಿಯುವ ಸದ್ದು ಕೇಳಿಯೇ ನನ್ನ ತೂಕ ಏರಿದ್ದನ್ನು ಅವಳು ಗುರುತಿಸಿಬಿಡುತ್ತಾಳೆ.

ಅವಳ ಹತ್ತಿರ ಒಂದು ಉದ್ದನೆಯ ಪುಸ್ತಕವಿದೆ. ಅದರಲ್ಲಿ ಯಾರ ಹೆಸರೂ ಇಲ್ಲ. 'ಸೊಟ್ಟ ಭುಜ', 'ವಕೀಲರ ಹಿಂಭಾಗ', 'ಎರಡನೇ ಮದುವೆ' ಹೀಗೆ. ನಾನು 'ಮೆಟ್ಟಿಲ ಮೇಲಿನ ಹೊಟ್ಟೆ'. ಪ್ರತಿ ಸಲ ಹೋದಾಗಲೂ ಹಳೆಯ ಅಳತೆಯನ್ನು ಗೀಟೆಳೆದು ಹೊಡೆದುಹಾಕಿ ಹೊಸದಾಗಿ ಅಳೆಯುತ್ತಾಳೆ. "ಹೋದ ತಿಂಗಳು ತಾನೇ ಅಳೆದಿದ್ದಿರಿ" ಎಂದು ಒಮ್ಮೆ ಅಂದಿದ್ದೆ. "ಹೋದ ತಿಂಗಳು ನೀವು ಬೇರೆ ಮನುಷ್ಯ" ಎಂದಿದ್ದಳು. ಅದು ಹೊಗಳಿಕೆಯಾಗಿರಲಿಲ್ಲ.

ಈಗ ಆ ಕೊಠಡಿಗೇ ಕುತ್ತು ಬಂದಿತ್ತು. ಪಕ್ಕದ ಕ್ಷೌರದಂಗಡಿಯವನಿಗೆ ಗಿರಾಕಿಗಳ ತಲೆ ತೊಳೆಯಲು ಒಂದು ತೊಟ್ಟಿ ಇಡಬೇಕಿತ್ತು. ಟೇಪಕ್ಕನ ಜಾಗದಲ್ಲಿ ತೊಟ್ಟಿ ಚೆನ್ನಾಗಿ ಕೂರುತ್ತದೆಂದು ಅವನಿಗೆ ಅನ್ನಿಸಿತ್ತು. ಕಟ್ಟಡದ ಮಾಲೀಕ ಇಬ್ಬರಿಗೂ ಒಂದೇ ಮಾತು ಹೇಳಿದ್ದ: ಹತ್ತು ವರ್ಷದ ಕರಾರು, ಅದಕ್ಕೊಂದು ದೊಡ್ಡ ಮುಂಗಡ, ತಿಂಗಳ ಕೊನೆಯೊಳಗೆ ಯಾರು ತಂದರೆ ಅವರಿಗೆ. ಕ್ಷೌರದವನ ಕೈಯಲ್ಲಿ ದುಡ್ಡು ಅರ್ಧ ಸಿದ್ಧವಿತ್ತು. ಟೇಪಕ್ಕನ ಕೈಯಲ್ಲಿ ಟೇಪು ಮಾತ್ರ ಇತ್ತು. ಅದಕ್ಕೇ ಸಾಲದ ಅರ್ಜಿ. ಅವತ್ತು ತಿಂಗಳ ಹನ್ನೆರಡನೆಯ ತಾರೀಕು.

ಸಾಲದ ಮೇಜಿನ ಹಿಂದೆ ಇದ್ದವನು ಇನ್ನೂ ಮೂವತ್ತು ದಾಟದ ಹುಡುಗ. ಆ ವಯಸ್ಸಿಗೇ ಮನುಷ್ಯರನ್ನು ನೋಡದೆ ಮಾತಾಡುವ ವಿದ್ಯೆ ಅವನಿಗೆ ಒಲಿದಿತ್ತು. ಅವನು ಟೇಪಕ್ಕನ ವಿಷಯವನ್ನು ಟೇಪಕ್ಕನಿಗೇ ಹೇಳುತ್ತಿದ್ದ, ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡು.

"ಅರ್ಜಿ ತಿರಸ್ಕಾರ ಆಗಿದೆ ಮೇಡಂ."

"ಯಾಕೆ?"

"ವಿಳಾಸದಲ್ಲಿ ತೊಂದರೆ."

"ವಿಳಾಸಕ್ಕೇನಾಗಿದೆ? ಇವರ ಮನೆ ನಂಬರ್ರು ಕೊಟ್ಟಿದೀನಿ. ಇದೇ ಇವರ." ಅವಳು ನನ್ನ ಕಡೆ, ಮೂಲೆಯಲ್ಲಿಟ್ಟ ಛತ್ರಿಯ ಕಡೆ ತೋರಿಸುವಂತೆ ಬೆರಳು ತೋರಿಸಿದಳು. "ಮೆಟ್ಟಿಲ ಕೆಳಗಿನ ಕೊಠಡಿಗೆ ನಂಬರ್ರಿಲ್ಲ. ಅಂಚೆಯವನು ಪತ್ರ ಅಲ್ಲಿ ಹಾಕಲ್ಲ. ಇವರು ಬರೆಯೋರು, ಇಡೀ ದಿನ ಮನೇಲೇ ಕೂತಿರ್ತಾರೆ. ಪತ್ರ ಇಸ್ಕೊಳ್ಳೋಕಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಎರಡು ವರ್ಷದ ಹಿಂದೆ ಹೊಲಿಗೆ ಯಂತ್ರ ಕಂತಿನಲ್ಲಿ ತಗೊಂಡಾಗ್ಲೂ ಇದೇ ಕೊಟ್ಟಿದ್ದೆ."

"ಅದೇ ಮೇಡಂ ತೊಂದರೆ. ಆ ಯಂತ್ರದ ಕಂಪನಿಯವರು ವಿಳಾಸ ತಪಾಸಣೆಗೆ ಜನ ಕಳಿಸಿದ್ರು. ನೀವು ಅಲ್ಲಿಲ್ಲ ಅಂತ ವರದಿ ಬಂದಿದೆ. ಅದು ಎಲ್ಲಾ ದಾಖಲೆಗೂ ಹೋಗಿದೆ. ಯಾವ ಬ್ಯಾಂಕಿಗೆ ಹೋದ್ರೂ ಇದೇ ಕಾಣ್ಸುತ್ತೆ."

"ಏನಂತ ಬರೆದವ್ರೆ? ಓದು ತಮ್ಮಾ."

ಹುಡುಗ ಓದಿದ. ಅವನ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ. "ನೆರೆಯವರ ಹೇಳಿಕೆ: ಗಿರಾಕಿಗಳ ಪ್ಯಾಂಟುಗಳ ಸಮೇತ ಪರಾರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪಿನ್ನು ಮುಟ್ಟಿ ನೋಡಿಕೊಂಡೆ.

ಯಾಕೆಂದರೆ ಆ ವಾಕ್ಯ ನನ್ನದು. ಎರಡು ವರ್ಷದ ಹಿಂದೆ ಟೇಪಕ್ಕ ತಂಗಿಯ ಬಾಣಂತನಕ್ಕೆಂದು ಹತ್ತು ದಿನ ಅಂಗಡಿ ಮುಚ್ಚಿದ್ದಳು. ನನ್ನ ಎರಡು ಪ್ಯಾಂಟು ಒಳಗೆ ಸಿಕ್ಕಿಕೊಂಡು, ನಾನು ಭಾವಮೈದುನನ ಪ್ಯಾಂಟು ಹಾಕಿಕೊಂಡು ತಿರುಗುತ್ತಿದ್ದೆ. ಆಗ ಒಂದು ಮಧ್ಯಾಹ್ನ ಹೆಲ್ಮೆಟ್ಟನ್ನೂ ತೆಗೆಯದ ಒಬ್ಬ ಮನುಷ್ಯ ಬಾಗಿಲು ತಟ್ಟಿ, "ಈ ವಿಳಾಸದಲ್ಲಿ ದರ್ಜಿ ಹೆಂಗಸೊಬ್ಬರು ಇದ್ದಾರಾ?" ಎಂದು ಕೇಳಿದ. "ಅವಳಾ? ಊರವರ ಪ್ಯಾಂಟೆಲ್ಲಾ ಬಾಚ್ಕೊಂಡು ಓಡಿಹೋದಳಲ್ಲ, ಗೊತ್ತಿಲ್ವಾ?" ಎಂದೆ. ಅವನು ನಗಲಿಲ್ಲ. ಹೆಲ್ಮೆಟ್ಟಿನೊಳಗೆ ನನ್ನ ಹಾಸ್ಯ ತಲುಪಲಿಲ್ಲವೇನೋ ಅಂದುಕೊಂಡು ಇನ್ನೊಂದು ಸಲ, ಜೋರಾಗಿ ಹೇಳಿದೆ. ಅವನು ಕಾಗದದ ಮೇಲೆ ಏನೋ ಗೀಚಿಕೊಂಡು ಹೋದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಬಗ್ಗೆ ಕೇಳಿದ್ದೆ. ಕರುವಿಗೆ ಕಿವಿಯೋಲೆ ಹಾಕಿ, ನಂಬರು ಕೊಟ್ಟು, ಕಡತ ತೆರೆಯುವವರೂ ಇದ್ದಾರೆಂದು ಗೊತ್ತಿರಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಪತ್ರಿಕೆಗಳಿಗೆ ಹಾಸ್ಯ ಬರೆಯುತ್ತಿದ್ದೇನೆ; ಒಂದು ಸಾಲನ್ನೂ ಯಾರೂ ನೆನಪಿಟ್ಟುಕೊಂಡಿಲ್ಲ. ನೆನಪಿಟ್ಟುಕೊಂಡದ್ದು ಇದೊಂದನ್ನು, ಇಟ್ಟುಕೊಂಡವರು ಇವರು.

ಟೇಪಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು:

"ಯಂತ್ರದ ಕಂತು ಕಟ್ಟಿದೀನಾ ಇಲ್ವಾ, ಅದೂ ಅಲ್ಲಿ ಇದೆಯಾ?"

"ಇದೆ ಮೇಡಂ. ಎಲ್ಲಾ ಕಂತೂ ಕಟ್ಟಿದ್ದೀರಿ. ಪ್ರತಿ ತಿಂಗಳು ಐದನೇ ತಾರೀಕು. ಒಂದೂ ತಪ್ಪಿಲ್ಲ."

"ಅಂದ್ರೆ, ಪರಾರಿಯಾದೋಳು ತಿಂಗಳು ತಿಂಗಳೂ ಐದನೇ ತಾರೀಕು ವಾಪಸ್ ಬಂದು ಕಂತು ಕಟ್ಟಿ, ಮತ್ತೆ ಪರಾರಿ ಆಗ್ತಿದ್ಲಾ?"

ಹುಡುಗ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಹಾಗೂ ಆಗಿರಬಹುದು ಎಂಬಂತಿತ್ತು ಅವನ ಮುಖ. "ಅದು ಬೇರೆ ಕಲಂ ಮೇಡಂ" ಎಂದ.

ಟೇಪಕ್ಕ ಮೇಜಿನ ಕೆಳಗೆ ಬಗ್ಗಿದಳು. ಏನೋ ಬಿದ್ದಿರಬೇಕು ಅಂದುಕೊಂಡೆ. ಬಿದ್ದಿರಲಿಲ್ಲ. ಅವಳು ಹುಡುಗನ ಕಾಲು ನೋಡುತ್ತಿದ್ದಳು.

"ಈ ಪ್ಯಾಂಟಿನ ಪಟ್ಟಿ ಎಲ್ಲಿ ಮಾಡಿಸಿದ್ದು ತಮ್ಮಾ?"

"ಅಲ್ಲೇ ಮೇಡಂ, ಆ ಮೆಟ್ಟಿಲ ಕೆಳಗೆ..." ಹುಡುಗ ಮೊದಲ ಸಲ ಅವಳನ್ನು ನೋಡಿದ.

"ಯಾವಾಗ?"

"ಹೋದ ವಾರ."

"ವಿಳಾಸ ಸಿಕ್ತಾ?"

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬ್ಯಾಂಕಿನಲ್ಲಿ ಬೇಕು, ಎರಡು ಪ್ರತಿಗಳಲ್ಲಿ. ಹುಡುಗ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡ. "ನನಗೆ ಗೊತ್ತು ಮೇಡಂ, ಆದ್ರೆ ಸಿಸ್ಟಮ್ಮಿಗೆ ಗೊತ್ತಿಲ್ಲ. ಪ್ಯಾಂಟನ್ನ ದಾಖಲೆ ಅಂತ ತಗೊಳ್ಳೋಕಾಗಲ್ಲ."

"ನಾನು ಹಳೇ ಅಳತೆ ಇಟ್ಕೊಂಡು ಹೊಸ ಬಟ್ಟೆಗೆ ಕತ್ತರಿ ಹಾಕಿದ್ರೆ, ಜನ ನನ್ನನ್ನ ಮೂವತ್ತು ದಿನ ಬಾಳಿಸ್ತಾ ಇರ್ಲಿಲ್ಲ. ನಿಮಗೆ ಅದಕ್ಕೇ ಸಂಬಳ ಕೊಡ್ತಾರೆ." ಇದನ್ನು ಅವಳು ಕೋಪದಿಂದ ಹೇಳಲಿಲ್ಲ. ಕೋಪಕ್ಕೆ ಎದುರಿನವನ ಮೇಲೆ ಒಂದಿಷ್ಟು ಗೌರವ ಬೇಕು.

ದಾರಿ ಒಂದಿತ್ತು. ಯಂತ್ರದ ಕಂಪನಿಗೂ ದಾಖಲೆ ಇಡುವವರಿಗೂ ತಿದ್ದುಪಡಿಯ ಅರ್ಜಿ ಕೊಡಬೇಕು, ಜೊತೆಗೆ ಆ ವಿಳಾಸದಲ್ಲಿ ವಾಸವಿರುವವರ ಸಹಿ ಮಾಡಿದ ಹೇಳಿಕೆ, ಮತ್ತೊಮ್ಮೆ ತಪಾಸಣೆ. ಎಲ್ಲ ಸೇರಿ ಮೂವತ್ತು ದಿನ. ತಿಂಗಳು ಮುಗಿಯಲು ಉಳಿದಿದ್ದದ್ದು ಹದಿನೆಂಟು.

ಇಷ್ಟು ಹೊತ್ತೂ ನಾನು ಬಾಯಿ ಬಿಟ್ಟಿರಲಿಲ್ಲ. ಸಂದರ್ಭ ಸಿಗಲಿಲ್ಲ ಎಂದು ಬರೆಯಬಹುದು. ಧೈರ್ಯ ಇರಲಿಲ್ಲ ಎಂದು ಬರೆದರೆ ನಿಜವಾಗುತ್ತದೆ.

ಅವಳ ಬೆನ್ನಿಗೆ ನನ್ನ ಬೆನ್ನು ಮರೆಮಾಡಿಕೊಂಡು ಹೇಗೋ ಬೀದಿ ದಾಟಿದೆ. ಮೆಟ್ಟಿಲ ಕೆಳಗಿನ ಕೊಠಡಿಯಲ್ಲಿ ಅಳತೆ ನೋಡುವವರಿಗೆಂದು ಒಂದು ಪರದೆ ಇದೆ. ಅದರ ಹಿಂದೆ ಹೋಗಿ ಪ್ಯಾಂಟು ಬಿಚ್ಚಿ ಹೊರಗೆ ಕೊಟ್ಟೆ. ಯಂತ್ರದ ಸದ್ದು ಶುರುವಾಯಿತು. ಮುಖ ಕಾಣದಿದ್ದರೆ ಮನುಷ್ಯನಿಗೆ ಸತ್ಯ ಹೇಳುವುದು ಸುಲಭ. ಪರದೆಯ ಒಳಗಿಂದಲೇ ಹೇಳಿಬಿಟ್ಟೆ.

"ಟೇಪಕ್ಕ, ಆ ಹೆಲ್ಮೆಟ್ಟಿನವನಿಗೆ ಹಾಗೆ ಹೇಳಿದ್ದು..."

"ನೀವು."

"ಗೊತ್ತಿತ್ತಾ?"

"ಅಂಥ ಜೋಕು ಈ ಬೀದೀಲಿ ಇನ್ಯಾರು ಮಾಡ್ತಾರೆ? ಬೇರೆಯವರಿಗೆ ಮಾಡೋಕೆ ಕೆಲಸ ಇದೆ." ಯಂತ್ರ ನಿಂತಿತು. ಪರದೆಯ ಕೆಳಗಿನಿಂದ ಒಂದು ಕಾಗದ, ಒಂದು ಪೆನ್ನು ಒಳಗೆ ಬಂದವು. "ಹೇಳಿಕೆ ಬರೀರಿ. ಆಮೇಲೆ ಪ್ಯಾಂಟು."

ಬರೆದೆ. ನಿಂತುಕೊಂಡು, ಗೋಡೆಗೆ ಕಾಗದ ಒತ್ತಿಕೊಂಡು, ಪಶ್ಚಾತ್ತಾಪದಿಂದ ಒಂದು ಪುಟ ತುಂಬ ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಆರಂಭಿಸಿ, ನಡುವೆ ಸೂಜಿ ದಾರಗಳ ಒಂದು ಉಪಮೆ ಸೇರಿಸಿ, ಕೊನೆಗೆ ಮನುಷ್ಯನ ವಿಳಾಸ ಅವನ ಕೆಲಸವೇ ಎಂಬಂಥ ಮಾತಿನಿಂದ ಮುಗಿಸಿದೆ. ಕಾಗದ ಹೊರಗೆ ಹೋಯಿತು.

"ಹೊಟ್ಟೆ ಜಾಸ್ತಿಯಾಯ್ತು" ಎಂದಳು. ಕಾಗದ ವಾಪಸ್ ಬಂತು. ಮುತ್ತಿನ ಮೇಲೆ, ಉಪಮೆಯ ಮೇಲೆ, ಮನುಷ್ಯನ ವಿಳಾಸದ ಮೇಲೆ ದರ್ಜಿಯ ಸೀಮೆಸುಣ್ಣದ ಗೀಟುಗಳು.

ಎರಡನೆಯದು ಅರ್ಧ ಪುಟ. "ತೋಳು ಉದ್ದ."

ಮೂರನೆಯ ಸಲ ಇಷ್ಟೇ ಬರೆದೆ: 'ಇವರ ಅಂಗಡಿ ಮೂವತ್ತೊಂದು ವರ್ಷದಿಂದ ನಮ್ಮ ಮೆಟ್ಟಿಲ ಕೆಳಗೆ ಇದೆ. ಇವರ ಪತ್ರಗಳು ನನ್ನ ಮನೆಗೆ ಬರುತ್ತವೆ. ಎರಡು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು.' ಇಷ್ಟು ಅಚ್ಚುಕಟ್ಟಾದದ್ದನ್ನು ನಾನು ಹಿಂದೆ ಬರೆದಿರಲಿಲ್ಲ. ಪ್ಯಾಂಟು ಒಳಗೆ ಬಂತು.

"ಎಷ್ಟಾಯ್ತು?" ಎಂದು ಕೇಳಿದೆ, ಅವಳು ಬೇಡ ಅನ್ನಬಹುದೆಂಬ ಆಸೆಯಿಂದ.

"ಹೊಲಿಗೆಯದ್ದು ಮಾಮೂಲಿ. ಪಿನ್ನಿನದು ಬೇರೆ."

ಮಾಲೀಕನ ಗಡುವಿನ ಪ್ರಶ್ನೆ ಹಾಗೇ ಉಳಿದಿತ್ತು. ಅವನು ಮರುದಿನವೇ ಬಂದ. ಮುಂದಿನ ತಿಂಗಳು ಹದಿನೈದಕ್ಕೆ ಅವನ ಮಗಳ ಮದುವೆ. ಮೂವತ್ತು ವರ್ಷದ ಹಿಂದಿನ ತನ್ನ ಮದುವೆಯ ಕೋಟನ್ನೇ ಹಿಗ್ಗಿಸಿ ಹಾಕಿಕೊಳ್ಳುವ ಜಿಪುಣ. ಕೋಟು ಟೇಪಕ್ಕನ ಹತ್ತಿರವೇ ಇತ್ತು.

"ಏನಮ್ಮಾ, ಸಾಲ ಆಯ್ತಾ? ತಿಂಗಳ ಕೊನೆ ಅಂದಿದ್ದೀನಿ, ನೆನಪಿರ್ಲಿ."

"ಮೂವತ್ತು ದಿನ ಬೇಕಂತೆ."

"ಅಷ್ಟು ದಿನ ನಾನು ಕಾಯೋಕಾಗುತ್ತಾ? ಕ್ಷೌರದವನು ದುಡ್ಡು ಹೊಂದಿಸ್ತಾ ಇದಾನೆ."

"ಸರಿ. ಹಂಗಾದ್ರೆ ನಾನು ಜಾಗ ಖಾಲಿ ಮಾಡ್ಬೇಕು. ಕೋಟು ತಗೊಂಡ್ಹೋಗಿ." ಟೇಪಕ್ಕ ಎರಡು ಚೀಲ ಮುಂದಿಟ್ಟಳು. "ಮೈ ಈ ಚೀಲದಲ್ಲಿದೆ. ತೋಳು ಆ ಚೀಲದಲ್ಲಿದೆ. ಅಸ್ತರು ಎರಡರಲ್ಲೂ ಅರ್ಧರ್ಧ ಇದೆ."

ಮಾಲೀಕ ಒಂದು ಚೀಲದಲ್ಲಿ ಇಣುಕಿದ. ಇನ್ನೊಂದರಲ್ಲಿ ಇಣುಕಿದ. ಇನ್ನೊಬ್ಬರು ಬಿಚ್ಚಿದ ಕೋಟನ್ನು ಊರಿನ ಯಾವ ದರ್ಜಿಯೂ ಮುಟ್ಟುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಅವನು ಚೀಲಗಳನ್ನು ಮೆಲ್ಲಗೆ ವಾಪಸ್ ಇಟ್ಟು, "ಮುಂದಿನ ತಿಂಗಳು ಹದಿನಾಲ್ಕರವರೆಗೆ ನೋಡೋಣಮ್ಮ, ಅವಸರ ಏನಿದೆ" ಎಂದ.

ಹೆಲ್ಮೆಟ್ಟಿನವನು ಮತ್ತೆ ಬಂದದ್ದು ಆಮೇಲೆ ಎರಡು ವಾರಕ್ಕೆ. ಅವನೇ, ಅದೇ ಹೆಲ್ಮೆಟ್ಟು. ಬಾಗಿಲು ತಟ್ಟಿದ ಕೂಡಲೇ ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನನ್ನ ಪಕ್ಕ ನಿಂತಳು. "ರೀ, ಹೌದು ಅನ್ನೋದು ಬಿಟ್ಟು ಇನ್ನೊಂದಕ್ಷರ ಬಂದ್ರೆ ನೋಡಿ."

"ದರ್ಜಿ ಹೆಂಗಸು ಇದೇ ವಿಳಾಸದಲ್ಲಿದ್ದಾರಾ?"

"ಹೌದು."

"ಎಲ್ಲೂ ಓಡಿಹೋಗಿಲ್ಲ ತಾನೆ?"

ದೇವರಾಣೆ, ನಾಲ್ಕು ಒಳ್ಳೆಯ ಉತ್ತರಗಳು ಒಟ್ಟಿಗೇ ನಾಲಿಗೆಯ ತುದಿಗೆ ಬಂದವು. ಒಂದೊಂದಾಗಿ ನುಂಗಿದೆ. ಸೌಟಿನಿಂದ ಒಂದು ಬಿಸಿ ಹನಿ ನನ್ನ ಪಾದದ ಮೇಲೆ ಬಿತ್ತು. "ಇಲ್ಲ" ಎಂದೆ; ಹೆಂಡತಿ ಅದನ್ನು ಕ್ಷಮಿಸಿದಳು.

ಅವನು ಬರೆದುಕೊಂಡು, ಕೆಳಗಿಳಿದು ಕೊಠಡಿಯ ಫೋಟೋ ತೆಗೆದು, ಹೊರಡುವಾಗ ಹೆಲ್ಮೆಟ್ಟಿನ ಗಾಜು ಎತ್ತಿದ. ಒಳಗೆ ಒಂದು ಮುಖ ಇತ್ತು. "ಹೋದ ಸಲ ಚೆನ್ನಾಗಿ ಮಾತಾಡಿದ್ರಿ ಸಾರ್" ಎಂದ ಬೇಸರದಿಂದ. "ಆಫೀಸಲ್ಲಿ ಓದಿ ಎಲ್ಲರೂ ತುಂಬಾ ನಕ್ಕಿದ್ವಿ."

ಅಂದರೆ ನಕ್ಕಿದ್ದರು. ನಕ್ಕು, ಕಣ್ಣೊರೆಸಿಕೊಂಡು, ಮುದ್ರೆ ಹೊಡೆದು ಮುಂದಕ್ಕೆ ಕಳಿಸಿದ್ದರು. ಒಬ್ಬ ಹಾಸ್ಯಲೇಖಕನಿಗೆ ಓದುಗರು ಸಿಕ್ಕಿದ್ದಕ್ಕೆ ಇಷ್ಟು ನಾಚಿಕೆಯಾದದ್ದು ಇದೇ ಮೊದಲಿರಬೇಕು.

ತಿದ್ದುಪಡಿಯ ಪತ್ರ ಹನ್ನೊಂದನೆಯ ತಾರೀಕು ಬಂತು, ನಮ್ಮ ಮನೆಗೆ. ತಪ್ಪಿಗಾಗಿ ವಿಷಾದ ಎಂಬ ಪದ ಅದರಲ್ಲಿ ಇರಲಿಲ್ಲ. ದಾಖಲೆಯನ್ನು 'ನವೀಕರಿಸಲಾಗಿದೆ' ಎಂದಿತ್ತು, ಗೋಡೆಗೆ ಸುಣ್ಣ ಬಳಿದ ಹಾಗೆ. ನಾನು ಅದನ್ನು ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. "ನಿಧಾನ" ಎಂದಳು ಟೇಪಕ್ಕ ಒಳಗಿಂದ, "ಹೊಲಿಗೆ ಹೊಸದು."

ಮರುದಿನ ಬ್ಯಾಂಕಿಗೆ ನನ್ನನ್ನೂ ಕರೆದುಕೊಂಡು ಹೋದಳು. ನೆರೆಯವರ ಸಹಿ ಇನ್ನೊಂದು ಕಡೆ ಬೇಕಿತ್ತಂತೆ. ಅದೇ ಮೇಜು, ಅದೇ ಹುಡುಗ. ಈ ಸಲ ಅವನು ಕಾಲನ್ನು ಮೊದಲೇ ಕುರ್ಚಿಯ ಅಡಿಗೆ ಇಟ್ಟುಕೊಂಡಿದ್ದ. ಸಾಲ ಮಂಜೂರಾಗಿತ್ತು. ಕೋಟಿನ ತೋಳುಗಳು ಅವತ್ತು ಬೆಳಿಗ್ಗೆಯೇ ಮೈಗೆ ಸೇರಿದ್ದವು. ತೊಟ್ಟಿಯನ್ನು ಕ್ಷೌರದವನು ತನ್ನ ಕನ್ನಡಿಯ ಎದುರಿಗೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿತ್ತು.

ಕೊನೆಯ ಒಂದು ಹಾಳೆ ತುಂಬುವುದಿತ್ತು. ಹುಡುಗ ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡು ಒಂದೊಂದೇ ಕೇಳುತ್ತಾ ಹೋದ. ಟೇಪಕ್ಕ ಹೇಳುತ್ತಾ ಹೋದಳು.

"ಈ ವಿಳಾಸದಲ್ಲಿ ಯಾವಾಗಿನಿಂದ ಇದ್ದೀರಿ ಮೇಡಂ?"

ಟೇಪಕ್ಕ ಕೊರಳಿನ ಟೇಪನ್ನು ಎರಡೂ ಕಡೆ ಸಮ ಮಾಡಿಕೊಂಡಳು.

"ಪರಾರಿಯಾದಾಗಿನಿಂದ."